ದೂರಶಿಕ್ಷಣ ಎಂದರೆ ಮೇಷ್ಟ್ರುಗಳಿಗೆ ಯಾಕಿಷ್ಟು ಅನುಮಾನ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಶಿವಮೊಗ್ಗ ಸೀಮೆಯಿಂದ, ಘಟ್ಟದ ಅಂಚಿನ ಊರುಗಳಿಂದ ಬಂದ ಕಾಗದಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಕಂಡಿತು. ಕಲಿಯುವವರು ಮೇಷ್ಟ್ರುಗಳ ಧೋರಣೆ ಬಗ್ಗೆ ಕೇಳಿದ್ದಾರೆ. ಮೇಷ್ಟ್ರುಗಳು ತಮ್ಮ ಕಷ್ಟ ಹೇಳಿಕೊಂಡಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಉತ್ತರಿಸಿದ್ದೇವೆ.

ಮದುವೆಯಾಗಿ ಹತ್ತು ವರ್ಷದ ಮೇಲೆ ದೂರಶಿಕ್ಷಣದಲ್ಲಿ ಕನ್ನಡ ಎಂ.ಎ. ಕಟ್ಟಿದ್ದೇನೆ. ಸಂಪರ್ಕ ತರಗತಿಗೆ ಬಂದ ಉಪನ್ಯಾಸಕರು ‘ಕರೆಸ್ಪಾಂಡೆನ್ಸ್‌ನವರಿಗೆ ಇಷ್ಟು ಸಾಕು’ ಎಂದು ಅರ್ಧ ಗಂಟೆಯಲ್ಲಿ ಪಾಠ ಮುಗಿಸಿದರು. ವಿಶ್ವವಿದ್ಯಾಲಯದ ಅಧ್ಯಾಪಕರು ನಮ್ಮನ್ನು ಹೀಗೆ ಕಾಣುವುದು ಯಾಕೆ? – ಓದುಗರು, ಹೊಸನಗರ

ನಿಮಗೆ ಬೇಸರವಾದದ್ದು ಸಹಜ. ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇವೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2020ರ ಮುಕ್ತ ಮತ್ತು ದೂರಶಿಕ್ಷಣ ನಿಯಮಾವಳಿಯ 22ನೇ ನಿಯಮದ ಪ್ರಕಾರ, ಮಾನ್ಯತೆ ಇರುವ ಸಂಸ್ಥೆಯಿಂದ ದೂರಶಿಕ್ಷಣದಲ್ಲಿ ಪಡೆದ ಪದವಿ, ಸ್ನಾತಕೋತ್ತರ ಪದವಿಗಳು ರೆಗ್ಯುಲರ್ ಪದವಿಗೆ ಸಮ. 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಪದವಿ ಸಮ ಎಂದ ಮೇಲೆ ‘ಇಷ್ಟು ಸಾಕು’ ಎನ್ನಲು ಆಧಾರವೇ ಇಲ್ಲ.

ಆದರೂ ಅನುಮಾನ ಹೋಗಿಲ್ಲ, ಅದಕ್ಕೆ ಕಾರಣಗಳಿವೆ. ನಮ್ಮ ಕಡೆ ‘ಕರೆಸ್ಪಾಂಡೆನ್ಸ್’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಪದ್ಧತಿಗಳನ್ನು ತುಂಬಿಬಿಟ್ಟಿದ್ದೇವೆ. ಒಂದು, ಎಕ್ಸ್‌ಟರ್ನಲ್ ಆಗಿ ಕಟ್ಟುವುದು: ಶುಲ್ಕ ಕಟ್ಟಿ, ಗೈಡ್ ಓದಿ, ನೇರವಾಗಿ ಪರೀಕ್ಷೆಗೆ ಕೂರುವುದು. ಅಲ್ಲಿ ಕಲಿಸುವವರೇ ಇರಲಿಲ್ಲ. ಎರಡನೆಯದು ಅಂಚೆ ಶಿಕ್ಷಣ. ದೇಶದಲ್ಲಿ ಇದನ್ನು ಮೊದಲು ಆರಂಭಿಸಿದ್ದು ದೆಹಲಿ ವಿಶ್ವವಿದ್ಯಾಲಯ, 1962ರಲ್ಲಿ. ನಮ್ಮ ಮೈಸೂರಿಗೆ ಅದು 1969ರಲ್ಲಿ ಬಂತು. ಪಾಠದ ಕಟ್ಟು ಅಂಚೆಯಲ್ಲಿ ಬರುತ್ತಿತ್ತು, ಓದುವುದು ಅವರವರ ಪಾಡು. ಮೂರನೆಯದು ಈಗಿನ ಮುಕ್ತ ವಿಶ್ವವಿದ್ಯಾಲಯದ ಪದ್ಧತಿ. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, 1985ರಲ್ಲಿ ಶುರುವಾಯಿತು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಲ್ಲಿ ಸಿದ್ಧಪಾಠ (ಒಬ್ಬರೇ ಓದಿ ಕಲಿಯಲು ಬರೆದ ಪಠ್ಯ), ಅಸೈನ್‌ಮೆಂಟ್, ಸಂಪರ್ಕ ತರಗತಿ ಮೂರೂ ಸೇರಿ ಕಲಿಕೆ. ಎಕ್ಸ್‌ಟರ್ನಲ್ ಕಾಲದಲ್ಲಿ ಗಟ್ಟಿಯಾದ ಅಭಿಪ್ರಾಯವನ್ನೇ ಅನೇಕ ಅಧ್ಯಾಪಕರು ಇವತ್ತಿನ ವಿದ್ಯಾರ್ಥಿಯ ಮೇಲೂ ಹೊರಿಸುತ್ತಾರೆ.

ಮಾನ್ಯತೆಯ ಗೊಂದಲವೂ ಇದಕ್ಕೆ ಸೇರಿತು. ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸುಗಳಿಗೆ 2013–14ರಿಂದ ಯುಜಿಸಿ ಮಾನ್ಯತೆ ಇರಲಿಲ್ಲ. ಮರಳಿ ಸಿಕ್ಕಿದ್ದು 2018–19ರಲ್ಲಿ. ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡನ್ನು ಕಂಡ ಮೇಷ್ಟ್ರುಗಳು ದೂರಶಿಕ್ಷಣ ಎಂದ ಕೂಡಲೇ ಹಿಂದೆ ಸರಿಯುವುದರಲ್ಲಿ ಆಶ್ಚರ್ಯವಿಲ್ಲ. 2017ರ ನವೆಂಬರ್‌ನಲ್ಲಿ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ವಿರುದ್ಧ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗಲೂ ಕನ್ನಡ ಎಂ.ಎ., ಇತಿಹಾಸ ಎಂ.ಎ. ಎಲ್ಲವನ್ನೂ ಜನ ಅದೇ ತಕ್ಕಡಿಯಲ್ಲಿ ತೂಗಿದರು.

ಇವೆಲ್ಲಕ್ಕಿಂತ ಆಳವಾದ ಕಾರಣ ಇನ್ನೊಂದಿದೆ. ತರಗತಿಯಲ್ಲಿ ಮೇಷ್ಟ್ರು ಮಕ್ಕಳ ಮುಖ ನೋಡುತ್ತ ಪಾಠ ಮಾಡುತ್ತಾರೆ. ಅರ್ಥವಾಗಲಿಲ್ಲ ಎಂದು ಮುಖವೇ ಹೇಳುತ್ತದೆ, ಅವರು ಅಲ್ಲೇ ದಾರಿ ಬದಲಿಸುತ್ತಾರೆ. ದೂರಶಿಕ್ಷಣದ ವಿದ್ಯಾರ್ಥಿ ಬಹುಪಾಲು ಅಧ್ಯಾಪಕರಿಗೆ ಎದುರಾಗುವುದು ಮೌಲ್ಯಮಾಪನ ಕೇಂದ್ರದಲ್ಲಿ ಮಾತ್ರ, ಒಂದು ಕೋಡ್ ಸಂಖ್ಯೆಯಾಗಿ. ಆ ಉತ್ತರ ಪತ್ರಿಕೆಗಳ ಬಂಡಲಿನಲ್ಲಿ ಅರೆಬರೆ ಉತ್ತರ ಕಂಡರೆ ಬರೆದಾಕೆ ಹಟ್ಟಿ ಕೆಲಸ ಮುಗಿಸಿ ರಾತ್ರಿ ಹತ್ತರ ಮೇಲೆ ಓದಿದವಳು ಎಂಬುದು ತಿಳಿಯುವುದಿಲ್ಲ. ಹದಿನೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ ಅನುಭವ ಆ ಉತ್ತರದ ಹಿಂದಿದ್ದರೂ ಕಾಣುವುದಿಲ್ಲ. ದೂರಶಿಕ್ಷಣವನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಮೈಕಲ್ ಮೂರ್ ಹೇಳುವುದೂ ಇದನ್ನೇ: ಇಲ್ಲಿ ದೂರ ಎಂದರೆ ಮೈಲಿಯ ಲೆಕ್ಕವಲ್ಲ, ಕಲಿಸುವವರಿಗೂ ಕಲಿಯುವವರಿಗೂ ನಡುವೆ ಮಾತುಕತೆ ಎಷ್ಟು ಕಡಿಮೆಯೋ ಅಷ್ಟು ದೂರ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ದೊಡ್ಡ ತರಗತಿಯ ಕೊನೆಯ ಬೆಂಚಿನಲ್ಲಿ ಬಾಯಿಬಿಡದೆ ಕೂತ ರೆಗ್ಯುಲರ್ ವಿದ್ಯಾರ್ಥಿ ನಿಮಗಿಂತ ದೂರ ಇರಬಹುದು.

ನೀವು ಮಾಡಬಹುದಾದದ್ದು ಇಷ್ಟು. ಮುಂದಿನ ತರಗತಿಗೆ ಹೋಗುವಾಗ ಘಟಕ, ಪುಟ ಸಂಖ್ಯೆ ಸಮೇತ ಎರಡು ಪ್ರಶ್ನೆ ಬರೆದುಕೊಂಡು ಹೋಗಿ. ‘ಸರ್, ಅಲಂಕಾರ ಹೇಳಿಕೊಡಿ’ ಎಂದರೆ ಅವರಿಗೂ ಎಲ್ಲಿಂದ ಹಿಡಿಯಬೇಕೆಂದು ಗೊತ್ತಾಗುವುದಿಲ್ಲ. ‘ಆರನೇ ಘಟಕದಲ್ಲಿ ಉಪಮೆಗೂ ಉತ್ಪ್ರೇಕ್ಷೆಗೂ ಕೊಟ್ಟ ಉದಾಹರಣೆ ಎರಡೂ ನನಗೆ ಒಂದೇ ಥರ ಕಾಣುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?’ ಎಂದು ಕೇಳಿ. ಅಧ್ಯಾಪಕರ ಧೋರಣೆ ಬದಲಾಗುವುದು ಹೆಚ್ಚಾಗಿ ಇಂಥ ಪ್ರಶ್ನೆ ಕಿವಿಗೆ ಬಿದ್ದಾಗ.

ನಮ್ಮ ಕೇಂದ್ರದಲ್ಲಿ ಒಂದು ವಿಷಯಕ್ಕೆ 40 ವಿದ್ಯಾರ್ಥಿಗಳಿದ್ದಾರೆ. ಅಸೈನ್‌ಮೆಂಟ್ ತೆರೆದರೆ ಮುಕ್ಕಾಲು ಪಾಲು ಒಂದೇ ಬರಹ, ಅದೇ ತಪ್ಪು, ಅದೇ ಅಲ್ಪವಿರಾಮ. ಹೀಗಿರುವಾಗ ಈ ಪದ್ಧತಿಯ ಮೇಲೆ ನಂಬಿಕೆ ಬರುವುದು ಹೇಗೆ? – ಸಹಾಯಕ ಪ್ರಾಧ್ಯಾಪಕರು, ಶಿವಮೊಗ್ಗ

ನಿಮ್ಮ ಪ್ರಶ್ನೆ ಪ್ರಾಮಾಣಿಕವಾದದ್ದು. ಅಧ್ಯಾಪಕರ ಅಪನಂಬಿಕೆ ಬಲವಾಗುವ ಜಾಗವೂ ಇದೇ.

ಲೆಕ್ಕ ಹಾಕಿ ನೋಡೋಣ. ನಾಲ್ಕು ಕ್ರೆಡಿಟ್‌ನ ವಿಷಯ ಎಂದರೆ 120 ಗಂಟೆಯ ಓದು, ಎರಡು ಅಸೈನ್‌ಮೆಂಟ್. 40 ವಿದ್ಯಾರ್ಥಿಗಳಿಗೆ 80 ಪ್ರತಿ. ಒಂದೊಂದಕ್ಕೆ 15 ನಿಮಿಷ ಕೊಟ್ಟರೆ 20 ಗಂಟೆ ಬೇಕು. ಸಂಭಾವನೆ ಪ್ರತಿಯ ಲೆಕ್ಕದಲ್ಲಿ ಬರುವುದರಿಂದ, ರೆಗ್ಯುಲರ್ ತರಗತಿಗಳ ನಡುವೆ ಬಿಡುವಿಲ್ಲದವರು ನಾಲ್ಕೈದು ನಿಮಿಷದಲ್ಲಿ ಟಿಕ್ ಹಾಕಿ ಮುಗಿಸುತ್ತಾರೆ. ಮೇಷ್ಟ್ರು ಓದುವುದಿಲ್ಲ ಎಂದು ಗೊತ್ತಾದ ಮೇಲೆ ವಿದ್ಯಾರ್ಥಿ ಯಾಕೆ ಬರೆಯುತ್ತಾನೆ? ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಉತ್ತರವನ್ನು ಕೈಬರಹದಲ್ಲಿ ಇಳಿಸುತ್ತಾನೆ. ಒಂದು ಕಡೆಯ ಕಾಟಾಚಾರ ಇನ್ನೊಂದು ಕಡೆಯ ಕಾಟಾಚಾರವನ್ನು ಬೆಳೆಸುತ್ತದೆ, ಮತ್ತೆ ಎರಡೂ ಕಡೆಯವರು ಪದ್ಧತಿಯನ್ನು ಬೈಯುತ್ತಾರೆ. ಅಸೈನ್‌ಮೆಂಟಿಗೆ ಹೆಚ್ಚೆಂದರೆ ಶೇ. 30, ಉಳಿದದ್ದು ಪರೀಕ್ಷೆಗೆ ಎಂಬ ಹಂಚಿಕೆಯಿಂದಾಗಿ ‘ಅದು ಅಂಕಕ್ಕಾಗಿ’ ಎಂಬ ಭಾವನೆಯೂ ಗಟ್ಟಿಯಾಗಿದೆ. ಆದರೆ ದೂರದಲ್ಲಿರುವ ವಿದ್ಯಾರ್ಥಿಗೆ ಮೇಷ್ಟ್ರ ಮಾತು ವೈಯಕ್ತಿಕವಾಗಿ ತಲುಪುವ ಮುಖ್ಯ ದಾರಿ ಆ ಅಂಚಿನ ಖಾಲಿ ಜಾಗ. ಅದನ್ನು ಬಿಟ್ಟುಕೊಟ್ಟರೆ ಉಳಿಯುವುದು ಅಂಚೆ ಶಿಕ್ಷಣವೇ.

‘ಇನ್ನೂ ವಿಸ್ತಾರವಾಗಿ ಬರೆಯಿರಿ’, ‘ಪರವಾಗಿಲ್ಲ’ ಎಂಬ ಷರಾದಿಂದ ಯಾರಿಗೂ ಉಪಯೋಗವಿಲ್ಲ. ವಚನ ಸಾಹಿತ್ಯದ ಒಂದು ಉತ್ತರಕ್ಕೆ ಹೀಗೆ ಬರೆಯಬಹುದು: ‘ಕಾಯಕದ ಅರ್ಥವನ್ನು 3ನೇ ಪುಟದಲ್ಲಿ ಸರಿಯಾಗಿ ಹಿಡಿದಿದ್ದೀರಿ. ದಾಸೋಹವನ್ನು ಮಾತ್ರ ದಾನ ಎಂದು ಬರೆದಿದ್ದೀರಿ. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ, ದಾಸೋಹದಲ್ಲಿ ಕೊಡುವವನೇ ದಾಸ. ಪರೀಕ್ಷೆಗೆ ಮೊದಲು ಒಂದು ವಚನ ಇಟ್ಟುಕೊಂಡು ಈ ವ್ಯತ್ಯಾಸವನ್ನು ಅರ್ಧ ಪುಟ ಬರೆದು ನೋಡಿ.’ ಸರಿಯಾದದ್ದು ಎಲ್ಲಿದೆ, ತಪ್ಪಿದ್ದು ಯಾಕೆ, ಮುಂದೆ ಏನು ಮಾಡಬೇಕು, ಮೂರೂ ಅಲ್ಲಿವೆ. ಬರೆಯಲು ಎರಡು ನಿಮಿಷ ಸಾಕು.

ನಕಲಿಗೆ ಪ್ರಶ್ನೆಯೂ ಕಾರಣ. ‘ಪಂಚಾಯತ್ ರಾಜ್ ವ್ಯವಸ್ಥೆಯ ಲಕ್ಷಣಗಳನ್ನು ವಿವರಿಸಿ’ ಎಂದರೆ ಗೈಡ್‌ನಲ್ಲಿ ಉತ್ತರ ಸಿದ್ಧವಾಗಿಯೇ ಇದೆ. ‘ನಿಮ್ಮ ಗ್ರಾಮ ಪಂಚಾಯಿತಿಯ ಕಳೆದ ಗ್ರಾಮಸಭೆಯಲ್ಲಿ ಚರ್ಚೆಯಾದ ಒಂದು ವಿಷಯ ತೆಗೆದುಕೊಂಡು, ಅದು ಪಂಚಾಯಿತಿಯ ಯಾವ ಅಧಿಕಾರದ ಕೆಳಗೆ ಬರುತ್ತದೆ ತೋರಿಸಿ’ ಎಂದು ಕೇಳಿದರೆ ಸೊರಬದವರ ಉತ್ತರ ಕೊಪ್ಪದವರಿಗೆ ಕೆಲಸಕ್ಕೆ ಬರುವುದಿಲ್ಲ. ಪ್ರಶ್ನೆ ಕೇಂದ್ರ ಕಚೇರಿಯಿಂದಲೇ ಬರುತ್ತದೆ, ಬದಲಿಸುವ ಅಧಿಕಾರ ನಮಗಿಲ್ಲ ಎನ್ನುತ್ತೀರಾದರೆ, ಸಂಪರ್ಕ ತರಗತಿಯಲ್ಲಿ ಇಂಥದ್ದೊಂದನ್ನು ಅಂಕವಿಲ್ಲದೆ 20 ನಿಮಿಷ ಬರೆಸಿ. ಆ ಅರ್ಧ ಪುಟವನ್ನು ಅಸೈನ್‌ಮೆಂಟಿನ ಪಕ್ಕ ಇಟ್ಟರೆ ಯಾರ ಬರಹ ಯಾರದೆಂದು ತಾನಾಗಿ ಗೊತ್ತಾಗುತ್ತದೆ.

ಇನ್ನೊಂದು ಮುಖ್ಯ ಮಾತು. ಷರಾ ಎಷ್ಟೇ ಚೆನ್ನಾಗಿದ್ದರೂ ಪರೀಕ್ಷೆ ಮುಗಿದ ಮೇಲೆ ತಲುಪಿದರೆ ದಂಡ. ಎಷ್ಟೋ ಕಡೆ ಕಟ್ಟುಗಳು ಕೇಂದ್ರದ ಬೀರುವಿನಲ್ಲೇ ಉಳಿದುಬಿಡುತ್ತವೆ. ಪ್ರತಿ ಕೈಸೇರಿದ ಮೂರು ವಾರದೊಳಗೆ ನೋಡಿ ಮುಗಿಸಿ. ವಾಪಸು ಕಳಿಸುವುದು ತಡವಾಗುವುದಾದರೆ ಷರಾ ಬರೆದ ಪುಟದ ಫೋಟೊವನ್ನಾದರೂ ಆಯಾ ವಿದ್ಯಾರ್ಥಿಗೆ ಕಳಿಸಿ.

ದೂರಶಿಕ್ಷಣದ ಎಂ.ಎ. ಇದ್ದರೆ ಕೆಸೆಟ್ ಬರೆಯಬಹುದೆ? ಪಿಎಚ್.ಡಿ.ಯನ್ನೂ ಹೀಗೇ ಮಾಡಬಹುದೆ? – ಓದುಗರು, ಕೊಪ್ಪ

ಮಾನ್ಯತೆ ಇರುವ ವಿಶ್ವವಿದ್ಯಾಲಯದ ಪದವಿಯಾದರೆ ಅಧ್ಯಾಪಕರಾಗಲು ಇರುವ ಅರ್ಹತಾ ಪರೀಕ್ಷೆಗಳಾದ ಕೆಸೆಟ್ (ರಾಜ್ಯದ್ದು), ನೆಟ್ (ರಾಷ್ಟ್ರಮಟ್ಟದ್ದು) ಎರಡನ್ನೂ ಬರೆಯಬಹುದು. ಸಾಮಾನ್ಯ ವರ್ಗಕ್ಕೆ ಶೇ. 55, ಮೀಸಲಾತಿ ಇರುವ ವರ್ಗಗಳಿಗೆ ಶೇ. 50 ಅಂಕ ಬೇಕು. ಪಿಎಚ್.ಡಿ.ಯನ್ನು ದೂರಶಿಕ್ಷಣದಲ್ಲಿ ಮಾಡಲು ಅವಕಾಶವಿಲ್ಲ. ಸೇರುವ ಮೊದಲು ಯುಜಿಸಿಯ ದೂರಶಿಕ್ಷಣ ಬ್ಯೂರೋ (ಡಿಇಬಿ) ಜಾಲತಾಣದಲ್ಲಿ ನೋಡಿ. ವಿಶ್ವವಿದ್ಯಾಲಯದ ಹೆಸರು ಇದ್ದರೆ ಸಾಲದು; ನಿಮ್ಮ ಕೋರ್ಸು, ನೀವು ಸೇರುವ ವರ್ಷ, ಜನವರಿ ಅಥವಾ ಜುಲೈ ಪ್ರವೇಶಾವಧಿ, ಮೂರೂ ಪಟ್ಟಿಯಲ್ಲಿರಬೇಕು. ಆ ಪುಟವನ್ನು ಪ್ರಿಂಟ್ ತೆಗೆದು ಪ್ರವೇಶ ರಸೀದಿಯ ಜೊತೆಗೇ ಇಟ್ಟುಕೊಳ್ಳಿ. ಈಗ ಪ್ರವೇಶಕ್ಕೆ ಡಿಇಬಿ ಐಡಿ ಕೂಡ ಮಾಡಿಸಬೇಕು.

ಅರ್ಥಶಾಸ್ತ್ರದ ಸಿದ್ಧಪಾಠಕ್ಕೆ ಮೂರು ಘಟಕ ಬರೆದುಕೊಡಲು ಕೇಳಿದ್ದಾರೆ. ತರಗತಿಯ ನೋಟ್ಸನ್ನೇ ತಿದ್ದಿ ಕೊಟ್ಟರೆ ಆಗದೆ? – ಉಪನ್ಯಾಸಕಿ, ತೀರ್ಥಹಳ್ಳಿ

ಆಗುವುದಿಲ್ಲ. ನಿಮ್ಮ ನೋಟ್ಸಿನ ಅರ್ಧ ಭಾಗ ನೀವು ತರಗತಿಯಲ್ಲಿ ಬಾಯಲ್ಲಿ ಹೇಳುವ ಮಾತಿನಲ್ಲಿದೆ. ಕಾಗದದ ಮೇಲಿರುವುದು ನಿಮ್ಮ ನೆನಪಿಗೆ ಹಾಕಿಕೊಂಡ ಗುರುತು, ಅಷ್ಟೇ. ಅದನ್ನೇ ಅಚ್ಚು ಹಾಕಿದರೆ ಹೊರಗಿನವರಿಗೆ ಅದು ಒಗಟು. ದೂರಶಿಕ್ಷಣದ ಪಠ್ಯ ಒಣ ಎಂದು ದೂರುವ ಅಧ್ಯಾಪಕರ ಕೈಯಲ್ಲಿ ಬಹಳ ಸಲ ಇರುವುದು ಇಂಥ ನೋಟ್ಸಿನ ಅಚ್ಚೇ.

ಒಂದು ಉದಾಹರಣೆ ಬರೆದೇ ತೋರಿಸುತ್ತೇವೆ. ಇಳಿಮುಖ ಪ್ರತಿಫಲ ನಿಯಮವನ್ನು ಸಾಮಾನ್ಯವಾಗಿ ಹೀಗೆ ಆರಂಭಿಸುತ್ತಾರೆ: ‘ಇತರ ಉತ್ಪಾದನಾಂಗಗಳು ಸ್ಥಿರವಾಗಿದ್ದು ಒಂದು ಉತ್ಪಾದನಾಂಗವನ್ನು ಹೆಚ್ಚಿಸುತ್ತಾ ಹೋದಾಗ ಸೀಮಾಂತ ಉತ್ಪನ್ನವು ಒಂದು ಹಂತದ ನಂತರ ಇಳಿಯುತ್ತದೆ.’ ತಪ್ಪೇನಿಲ್ಲ. ಆದರೆ ಒಬ್ಬರೇ ಕೂತು ಓದುವವರು ಇಲ್ಲೇ ಪುಸ್ತಕ ಮುಚ್ಚುತ್ತಾರೆ. ಹೀಗೆ ಹಿಡಿಯಿರಿ:

‘ನಿಮ್ಮ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದಾರೆ ಎಂದುಕೊಳ್ಳಿ. ಇರುವುದು ಆರು ಮೆಟ್ಟುಗತ್ತಿ. ಆರು ಜನ ಕೂತರೆ ದಿನಕ್ಕೆ 24 ಡಬ್ಬ ಸುಲಿಯುತ್ತಾರೆ. ಏಳನೆಯವರು ಬಂದರು. ಅವರಿಗೆ ಕತ್ತಿಯಿಲ್ಲ, ಕಾಯಿ ತಂದು ಸುರಿಯುತ್ತಾರೆ, ಸಿಪ್ಪೆ ಎಳೆದು ಹಾಕುತ್ತಾರೆ. ಒಟ್ಟು 26 ಡಬ್ಬ ಆಯಿತು. ಎಂಟನೆಯವರು ಬಂದಾಗ 27. ಮುಂದಕ್ಕೆ ಓದುವ ಮೊದಲು ಬರೆಯಿರಿ: ಏಳನೆಯವರಿಂದ ಹೆಚ್ಚಾದದ್ದು ಎಷ್ಟು? ಎಂಟನೆಯವರಿಂದ ಎಷ್ಟು? ಇಲ್ಲಿ ಬದಲಾಗದೆ ಉಳಿದದ್ದು ಯಾವುದು?’

ಕೆಳಗೆ ನಾಲ್ಕು ಗೆರೆ ಖಾಲಿ ಬಿಡಿ. ಉತ್ತರವನ್ನು (ಎರಡು ಡಬ್ಬ, ಒಂದು ಡಬ್ಬ, ಮೆಟ್ಟುಗತ್ತಿ) ಘಟಕದ ಕೊನೆಯಲ್ಲಿ ಕೊಡಿ, ಅದೇ ಪುಟದಲ್ಲಿ ಬೇಡ. ಕಣ್ಣಿಗೆ ಕಂಡರೆ ಯಾರೂ ಯೋಚಿಸುವುದಿಲ್ಲ. ನಿಯಮದ ವ್ಯಾಖ್ಯೆ ಇದರ ಆಮೇಲೆ ಬರಲಿ. ಎಂಟನೆಯವರು ಮೈಗಳ್ಳರಾದ್ದರಿಂದ ಸೀಮಾಂತ ಉತ್ಪನ್ನ (ಒಬ್ಬರು ಹೆಚ್ಚಾದಾಗ ಹೆಚ್ಚುವ ಉತ್ಪನ್ನ) ಇಳಿಯಿತು ಎಂದು ಅನೇಕರು ತಿಳಿಯುತ್ತಾರೆ. ಎಲ್ಲರೂ ಒಂದೇ ಸಮ ದುಡಿದರೂ ಕತ್ತಿ ಆರೇ ಇರುವುದರಿಂದ ಹೀಗಾಗುತ್ತದೆ ಎಂಬುದನ್ನು ಬಿಡಿಸಿ ಬರೆಯಿರಿ. ತರಗತಿಯಲ್ಲಾದರೆ ಈ ತಪ್ಪು ಯಾರದೋ ಬಾಯಿಂದ ಬಂದು ನೀವು ತಿದ್ದುತ್ತಿದ್ದಿರಿ. ಇಲ್ಲಿ ಅದು ಬರುತ್ತದೆಂದು ಮೊದಲೇ ಊಹಿಸಬೇಕು.

ಘಟಕದ ಮೊದಲಿಗೆ ಹಾಕುವ ಉದ್ದೇಶಗಳಲ್ಲಿ ‘ತಿಳಿಯುವಿರಿ’, ‘ಅರಿಯುವಿರಿ’ ಬೇಡ. ತಿಳಿಯಿತೋ ಇಲ್ಲವೋ ಓದುವವರಿಗೆ ಹೇಗೆ ಗೊತ್ತಾಗಬೇಕು? ‘ಕೋಷ್ಟಕ ಕೊಟ್ಟರೆ ಸೀಮಾಂತ ಉತ್ಪನ್ನ ಲೆಕ್ಕ ಹಾಕಬಲ್ಲಿರಿ’ ಎಂದಿರಲಿ. ನಾಲ್ಕು ಕ್ರೆಡಿಟ್‌ಗೆ ಸಾಮಾನ್ಯವಾಗಿ 14ರಿಂದ 16 ಘಟಕ ಬರುವುದರಿಂದ ಒಂದು ಘಟಕದ ಪಾಲಿಗೆ ಎಲ್ಲ ಸೇರಿ ಏಳೆಂಟು ಗಂಟೆ. ಹೊಸ ಪರಿಕಲ್ಪನೆ ಮೂರು ನಾಲ್ಕಕ್ಕೆ ನಿಲ್ಲಿಸಿ. ಬರೆದು ಮುಗಿದ ಮೇಲೆ ಆ ವಿಷಯ ಓದದ ಒಬ್ಬರಿಗೆ ಕೊಟ್ಟು, ಎಲ್ಲಿ ಎರಡನೇ ಸಲ ಓದಬೇಕಾಯಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಲು ಹೇಳಿ. ತಿದ್ದಬೇಕಾದ ಜಾಗ ಅವೇ.

ಈ ಶ್ರಮಕ್ಕೆ ಬಡ್ತಿಯಲ್ಲಿ ಬೆಲೆ ಸಿಗದು ಎಂಬ ಅಧ್ಯಾಪಕರ ದೂರನ್ನು ನಾವು ಒಪ್ಪುತ್ತೇವೆ. ಯುಜಿಸಿಯ 2018ರ ನಿಯಮದಲ್ಲಿ ನಾಲ್ಕು ಕ್ರೆಡಿಟ್‌ನ ಪೂರ್ಣ ಮೂಕ್ಸ್ (ಎಲ್ಲರಿಗೂ ತೆರೆದ ಆನ್‌ಲೈನ್ ಕೋರ್ಸು) ತಯಾರಿಸಿದರೆ 20 ಅಂಕವಿದೆ. ಮುದ್ರಿತ ಸಿದ್ಧಪಾಠಕ್ಕೆ ಅಂಥ ಸ್ಪಷ್ಟ ಸಾಲಿಲ್ಲ. ಇದು ಸರಿಹೋಗಲೇಬೇಕು. ಸದ್ಯಕ್ಕೆ ಪುಸ್ತಕಕ್ಕೆ ಐಎಸ್‌ಬಿಎನ್ ಇರುವುದನ್ನೂ ಒಳಪುಟದಲ್ಲಿ ಘಟಕದ ಎದುರು ನಿಮ್ಮ ಹೆಸರಿರುವುದನ್ನೂ ಖಚಿತ ಮಾಡಿಕೊಳ್ಳಿ.

ವಿಶ್ವವಿದ್ಯಾಲಯದ ಅಧ್ಯಾಪಕರು ದೂರಶಿಕ್ಷಣವನ್ನು ಹೇಗೆ ಕಾಣುತ್ತಾರೆ ಎಂಬುದೇ ನನ್ನ ಎಂ.ಇಡಿ. ಪ್ರಬಂಧದ ವಿಷಯ. ಪ್ರಶ್ನಾವಳಿ ಮಾಡುವುದು ಹೇಗೆ? – ವಿದ್ಯಾರ್ಥಿ, ಭದ್ರಾವತಿ

ಮೊದಲ ತಪ್ಪು ಆಗುವುದು ಪದದಲ್ಲೇ. ದೂರಶಿಕ್ಷಣ, ಆನ್‌ಲೈನ್ ಕೋರ್ಸು, 2020ರ ಲಾಕ್‌ಡೌನ್‌ನಲ್ಲಿ ಮೊಬೈಲಿನಲ್ಲಿ ಮಾಡಿದ ಪಾಠ, ಮೂರೂ ಬೇರೆ. ಪ್ರಶ್ನಾವಳಿಯ ತಲೆಯಲ್ಲೇ ಎರಡು ಸಾಲಿನಲ್ಲಿ ನೀವು ಯಾವುದನ್ನು ಕೇಳುತ್ತಿದ್ದೀರಿ ಎಂದು ಬರೆಯಿರಿ. ಇಲ್ಲವಾದರೆ ಒಬ್ಬರು ಮುಕ್ತ ವಿಶ್ವವಿದ್ಯಾನಿಲಯವನ್ನು ನೆನೆದು ಉತ್ತರಿಸುತ್ತಾರೆ, ಇನ್ನೊಬ್ಬರು ಲಾಕ್‌ಡೌನ್ ತರಗತಿಯನ್ನು.

ಐದು ಹಂತದ ಲಿಕರ್ಟ್ ಮಾಪಕ (ಪ್ರತಿ ಹೇಳಿಕೆಯನ್ನು ಎಷ್ಟು ಒಪ್ಪುತ್ತೀರಿ ಎಂದು ಒಂದರಿಂದ ಐದರವರೆಗೆ ಗುರುತು ಹಾಕಿಸುವುದು) ಸಾಕು. 30–35 ಹೇಳಿಕೆ ಬರೆದು, ಸುಮಾರು 30 ಅಧ್ಯಾಪಕರಲ್ಲಿ ಪರೀಕ್ಷಿಸಿ, ಕೆಲಸಕ್ಕೆ ಬಾರದವನ್ನು ತೆಗೆದು 20–24 ಉಳಿಸಿಕೊಳ್ಳಿ. ‘ದೂರಶಿಕ್ಷಣ ಅಗ್ಗ, ಆದರೆ ಗುಣಮಟ್ಟ ಕಡಿಮೆ’ ಎಂಬಂಥ ಹೇಳಿಕೆ ಹಾಕಬೇಡಿ. ಅಗ್ಗ ಎಂಬುದನ್ನು ಒಪ್ಪಿ ಗುಣಮಟ್ಟದ ಮಾತನ್ನು ಒಪ್ಪದವರು ಎಲ್ಲಿ ಗುರುತು ಹಾಕಬೇಕು? ಅರ್ಧದಷ್ಟು ಹೇಳಿಕೆಗಳು ವಿರುದ್ಧ ಧಾಟಿಯಲ್ಲಿರಲಿ, ಅಂಕ ಕೊಡುವಾಗ ಅವನ್ನು ತಿರುಗಿಸಿ: 5 ಇದ್ದದ್ದು 1, 4 ಇದ್ದದ್ದು 2. ಇದನ್ನು ಮರೆತರೆ ಕ್ರೋನ್‌ಬಾಕ್ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ತೋರಿಸುವ ಅಳತೆ) ಪಾತಾಳಕ್ಕಿಳಿಯುತ್ತದೆ. 0.70ಕ್ಕಿಂತ ಕಡಿಮೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಈ ತಿರುಗಿಸುವ ಕೆಲಸವನ್ನು.

ನೇರವಾಗಿ ‘ನಿಮಗೆ ಗೌರವವಿದೆಯೆ?’ ಎಂದರೆ ಎಲ್ಲರೂ ಇದೆ ಎನ್ನುತ್ತಾರೆ, ಅಥವಾ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ‘ಹೇಳಲಾರೆ’ಗೆ ಗುರುತು ಹಾಕುತ್ತಾರೆ. ಕೆಲಸಕ್ಕೆ ಹತ್ತಿರವಾದ ಹೇಳಿಕೆ ಕೊಡಿ: ‘ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡಲು ದೂರಶಿಕ್ಷಣದ ಎಂ.ಎ. ಆದವರನ್ನು ರೆಗ್ಯುಲರ್ ಆದವರಷ್ಟೇ ಸಂತೋಷದಿಂದ ತೆಗೆದುಕೊಳ್ಳುತ್ತೇನೆ.’ ನಿಜವಾದ ಮನೋಭಾವ ಇಲ್ಲಿ ಹೊರಬೀಳುತ್ತದೆ. ವಿಭಾಗದ ಮುಖ್ಯಸ್ಥರ ಕೈಯಲ್ಲಿ ಹಂಚಿಸಬೇಡಿ. ಹೆಸರು ಕೇಳದೆ, ಅಂಟಿಸಿದ ಲಕೋಟೆಯಲ್ಲಿ ನೀವೇ ವಾಪಸು ಪಡೆಯಿರಿ.

ಗುಂಪು ಮಾಡುವಾಗ ಪುರುಷ–ಮಹಿಳೆ, ವಯಸ್ಸು ಇಷ್ಟಕ್ಕೆ ನಿಲ್ಲಬೇಡಿ. ಸಂಪರ್ಕ ತರಗತಿ ತೆಗೆದುಕೊಂಡವರು, ಕೇವಲ ಉತ್ತರ ಪತ್ರಿಕೆ ನೋಡಿದವರು, ಎರಡೂ ಮಾಡದವರು, ಈ ಮೂರು ಗುಂಪಿನ ಹೋಲಿಕೆಯೇ ನಿಮ್ಮ ಪ್ರಬಂಧದ ಜೀವ. ಗುಂಪುಗಳ ಸರಾಸರಿ ಹೋಲಿಸಲು ಮೂರು ಗುಂಪಿಗೆ ಅನೋವಾ, ಎರಡಿದ್ದರೆ ಟಿ-ಪರೀಕ್ಷೆ. ಕಾಯಂ ಮತ್ತು ಅತಿಥಿ ಉಪನ್ಯಾಸಕರನ್ನು ಬೇರೆ ಮಾಡಿ. ತಾವೇ ದೂರಶಿಕ್ಷಣದಲ್ಲಿ ಓದಿದವರು ಎಷ್ಟು ಎಂದೂ ಕೇಳಿ. ಹೇಳಿಕೊಳ್ಳಲು ಹಿಂಜರಿಯುವವರಿದ್ದಾರೆ, ಲಕೋಟೆ ಅದಕ್ಕೂ ಬೇಕು. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಅಧ್ಯಾಪಕರನ್ನೂ ಸೇರಿಸುವುದಾದರೆ ಅವರದನ್ನು ಪ್ರತ್ಯೇಕವಾಗಿ ನೋಡಿ: ಕೃಷಿ, ತೋಟಗಾರಿಕೆ ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡಲು ಯುಜಿಸಿ ಅನುಮತಿಯೇ ಇಲ್ಲ. ಅವರ ವಿರೋಧವನ್ನು ಪೂರ್ವಗ್ರಹ ಎಂದು ಎಣಿಸಿದರೆ ತಪ್ಪಾಗುತ್ತದೆ.

ನಾಲ್ಕು ಕ್ರೆಡಿಟ್‌ಗೆ 12 ಗಂಟೆ ಸಂಪರ್ಕ ತರಗತಿ. ಮಳೆಗಾಲದಲ್ಲಿ ಹಾಕಿದರೆ ಬರುವವರು ಏಳೆಂಟು ಜನ. ಖಾಲಿ ಬೆಂಚಿಗೆ ಪಾಠ ಮಾಡುವಂತಾಗಿದೆ. – ಕೇಂದ್ರದ ಸಂಯೋಜಕರು, ಸಾಗರ

ಬೆಂಚು ಖಾಲಿ ಇರುವುದನ್ನು ನೋಡಿ ‘ಇವರಿಗೆ ಆಸಕ್ತಿಯಿಲ್ಲ’ ಎಂದು ತೀರ್ಮಾನಿಸುವ ಅಧ್ಯಾಪಕರು ಬಹಳ. ನಮ್ಮ ಕಡೆಯ ಪಂಚಾಂಗ ನೋಡಿದರೆ ಬೇರೆ ಕಾರಣ ಸಿಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಕರೆಂಟಿಲ್ಲ, ಮಳೆ ಹೊಳವಾದ ದಿನ ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯಬೇಕು. ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಕೊಯ್ಲು, ಸುಲಿತ. ಉಳಿಯುವುದು ಸೆಪ್ಟೆಂಬರ್ ಮತ್ತು ಫೆಬ್ರವರಿ, ಮಾರ್ಚ್. ವೇಳಾಪಟ್ಟಿ ನಿಮ್ಮ ಕೈಯಲ್ಲಿದ್ದಷ್ಟು ಮಟ್ಟಿಗೆ ಅಲ್ಲಿಗೆ ತನ್ನಿ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ 2025ರ ಜುಲೈಯಲ್ಲಿ ಸೇತುವೆ ಆದ ಮೇಲೆ ಲಾಂಚ್ ಕಾಯುವ ಕಷ್ಟ ತಪ್ಪಿದೆ. ಆದರೂ ಸಂಜೆಯ ಬಸ್ಸಿನ ಯೋಚನೆ ಎಲ್ಲರಿಗೂ ಇದ್ದೇ ಇದೆ. ಹತ್ತೂವರೆಗೆ ಶುರು ಮಾಡಿ ಮೂರೂವರೆಗೆ ಬಿಟ್ಟುಬಿಡಿ.

12 ಗಂಟೆಯಲ್ಲಿ 16 ಘಟಕ ಓಡಿಸಲು ಹೋದರೆ ಒಂದಕ್ಕೆ ಮುಕ್ಕಾಲು ಗಂಟೆ. ಅದು ಯಾರಿಗೂ ದಕ್ಕುವುದಿಲ್ಲ. ವಾರ ಮೊದಲು ಸಂದೇಶ ಕಳಿಸಿ: ‘5, 9, 12ನೇ ಘಟಕ ಓದಿಕೊಂಡು ಬನ್ನಿ, ಒಬ್ಬೊಬ್ಬರು ಎರಡು ಪ್ರಶ್ನೆ ತನ್ನಿ.’ ಮೊದಲ ಎರಡು ಗಂಟೆ ಸಿದ್ಧಪಾಠ ಓದುವ ಕ್ರಮಕ್ಕೆ, ಏಳು ಗಂಟೆ ಕಠಿಣವಾದ ನಾಲ್ಕೈದು ಘಟಕಗಳಿಗೆ, ಮೂರು ಗಂಟೆ ಉತ್ತರ ಬರೆಸಿ ಅಲ್ಲೇ ತಿದ್ದುವುದಕ್ಕೆ ಇಡಿ.

ಬರಲಾಗದವರಿಗೆ ಲೈವ್ ವಿಡಿಯೊ ಏರ್ಪಡಿಸಬೇಡಿ. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವವರಿಗೆ ಅದು ನಿಂತು ನಿಂತು ಬರುತ್ತದೆ, ನೂರಾರು ಎಂಬಿ ತಿನ್ನುತ್ತದೆ. ಹತ್ತು ನಿಮಿಷದ ಧ್ವನಿಮುದ್ರಿಕೆಯನ್ನು 32 ಕೆಬಿಪಿಎಸ್‌ನಲ್ಲಿ ಉಳಿಸಿದರೆ ಎರಡೂವರೆ ಎಂಬಿ ಒಳಗೇ ಇರುತ್ತದೆ. ರಾತ್ರಿ ಸಿಗ್ನಲ್ ಸಿಕ್ಕಾಗ ಇಳಿಸಿಕೊಂಡು, ಬೆಳಗ್ಗೆ ಹಾಲು ಕರೆಯುತ್ತ ಕೇಳಬಹುದು. ಒಂದು ಮುದ್ರಿಕೆಗೆ ಒಂದೇ ವಿಷಯ. ಶುರುವಿನಲ್ಲಿ ಘಟಕ, ಪುಟ ಸಂಖ್ಯೆ ಹೇಳಿ, ಕೊನೆಗೆ ಒಂದು ಪ್ರಶ್ನೆ ಕೇಳಿ ನಿಲ್ಲಿಸಲು ಅಧ್ಯಾಪಕರಿಗೆ ತಿಳಿಸಿ. ಉತ್ತರವನ್ನು ವಿದ್ಯಾರ್ಥಿಗಳು ತಮ್ಮ ಧ್ವನಿಯಲ್ಲೇ, ಒಂದು ನಿಮಿಷ ಮೀರದಂತೆ, ಆ ಅಧ್ಯಾಪಕರಿಗೇ ಕಳಿಸಲಿ.